ಪಾತ್ರೆ ತಳದ ಮುದ್ದೆ

ಮೈಸೂರಿನ ಆಸ್ಪತ್ರೆಯಲ್ಲಿ ಗಂಟಲಿಗೆ ಪೈಪು ಇಳಿಸಿ ಹೊಟ್ಟೆಯೊಳಗೆ ನೋಡುವುದಕ್ಕೆ ಮೂರೂವರೆ ಸಾವಿರ. ಸ್ಕ್ಯಾನಿಂಗು, ರಕ್ತಪರೀಕ್ಷೆ ಸೇರಿದರೆ ಏಳು ಸಾವಿರದ ಹತ್ತಿರ. ಬಸ್ಸಿಗೆ ಗಂಡಸಿನದೊಂದೇ ಟಿಕೆಟ್ಟು, ಹೆಂಗಸರಿಗೆ ಬಿಟ್ಟಿ; ಆದರೆ ಅವತ್ತು ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಕೂಲಿಯಾಳು ಬೇಕು, ಅದಕ್ಕೆ ನಾನೂರು. ಇನ್ನೊಂದು ದಾರಿ ಪಥ್ಯ. ಹುಣಸೆಹುಳಿ ಬಿಡುವುದು, ಖಾರ ಬಿಡುವುದು, ಟೀ ಬಿಡುವುದು, ಹೊತ್ತಿಗೆ ಸರಿಯಾಗಿ ಬಿಸಿಯದು ಉಣ್ಣುವುದು. ಅದಕ್ಕೆ ಕೈಬಿಟ್ಟು ಹೋಗುವುದು ಡೈರಿಗೆ ಹಾಕದೆ ಮಜ್ಜಿಗೆಗೆಂದು ಉಳಿಸಿಕೊಳ್ಳುವ ಅರ್ಧ ಲೀಟರು ಹಾಲು ಅಷ್ಟೆ.

ಮುಳ್ಳೂರಿನ ಮಾದೇವಮ್ಮನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಗಂಡ ಪುಟ್ಟಸಿದ್ದಯ್ಯ ಸಂಜೆಯಾದರೆ ಜಗಲಿಯ ಮೇಲೆ ಕೂತು ಅದನ್ನೇ ಒಪ್ಪಿಸುತ್ತಿದ್ದ. ಹಿಪ್ಪುನೇರಳೆ ತೋಟಕ್ಕೆ ಹನಿನೀರಿನ ಪೈಪು ಹಾಕಿಸಲೆಂದು ಕಳೆದ ಬೆಳೆಯ ರೇಷ್ಮೆಗೂಡು ಮಾರಿ ಇಟ್ಟಿದ್ದ ದುಡ್ಡು ಡಬ್ಬಿಯಲ್ಲಿತ್ತು. ತೋಟದ ಪೈಪಿನ ದುಡ್ಡು ಗಂಟಲ ಪೈಪಿಗೆ ಹೋಗುತ್ತದೆ ಎಂದು ಅವನ ತಾಯಿ ಚಿಕ್ಕನಿಂಗಮ್ಮ ಅಡಿಕೆ ಕತ್ತರಿಸುತ್ತ ಚುಚ್ಚುವಳು. ಅವನು ಹೋದರೆ ಹೋಗಲಿ ಎನ್ನುವನು. ಅವನು ಹಾಗನ್ನಲು ಕಾರಣವಿತ್ತು. ಅವನ ಅಣ್ಣ ಮಾರಯ್ಯ ಹೊಟ್ಟೆಯುರಿ ಎಂದು ಸೋಡಾ ಕುಡಿದುಕೊಂಡೇ ವರ್ಷಗಟ್ಟಲೆ ಓಡಾಡಿದ್ದ; ಡಾಕ್ಟರಿಗೆ ತೋರಿಸುವ ಹೊತ್ತಿಗೆ ಒಳಗೆ ಗಡ್ಡೆ ಬೆಳೆದು ಕೈಮೀರಿತ್ತು. ಅಣ್ಣನ ಹೆಣ ಹೊತ್ತ ಹೆಗಲು ಹೆಂಡತಿಯ ಹೊಟ್ಟೆಯುರಿಯನ್ನು ಸುಮ್ಮನೆ ನೋಡುವುದು ಹೇಗೆ?

ಕೊಳ್ಳೇಗಾಲದ ರುದ್ರಸ್ವಾಮಿ ಡಾಕ್ಟರು ಮಾತ್ರ ಅವಸರ ಮಾಡಿರಲಿಲ್ಲ. ಹೊಟ್ಟೆ ಒತ್ತಿ ನೋಡಿ, ತೂಕ ಇಳಿದಿದೆಯೇ, ಮಲ ಕಪ್ಪಗೆ ಹೋಗುತ್ತದೆಯೇ, ನುಂಗಲು ಕಷ್ಟವೇ, ವಾಂತಿಯೇ ಎಂದೆಲ್ಲ ಕೇಳಿದ್ದರು. ಯಾವುದೂ ಇರಲಿಲ್ಲ. ಮಧ್ಯಾಹ್ನ ಇಳಿಯುವಾಗ ಎದೆಯುರಿ, ಗಂಟಲಿಗೆ ಬರುವ ಹುಳಿತೇಗು, ಕಲ್ಲು ಕಟ್ಟಿದಂತೆ ಹೊಟ್ಟೆ ಬಿಗಿ, ಇಷ್ಟೆ. ಒಂದು ತಿಂಗಳು ಮಾತ್ರೆಯ ಜೊತೆ ಪಥ್ಯ ಮಾಡಲಿ, ಬಗ್ಗದಿದ್ದರೆ ಪೈಪು ಹಾಕಿಸೋಣ ಎಂದಿದ್ದರು.

ಮಾದೇವಮ್ಮ ಪಥ್ಯ ಮಾಡಿದಳು. ತನಗೆಂದು ಸಣ್ಣ ಪಾತ್ರೆಯಲ್ಲಿ ಮೆತ್ತಗೆ ಅನ್ನ ಬೇಯಿಸಿದಳು, ಖಾರವಿಲ್ಲದ ಹೆಸರುಬೇಳೆ ಸಾರು ಮಾಡಿಕೊಂಡಳು. ಆ ಸಾರಿನ ವಾಸನೆಗೆ ಕಾಲೇಜಿನಿಂದ ಬಂದ ಮಗಳು ರೂಪ ಅರ್ಧ ಬಡಿಸಿಕೊಂಡು ಉಂಡರೆ ಇವಳಿಗೆ ಸಂತೋಷವೇ ಆಗುತ್ತಿತ್ತು. ಟೀ ಬಿಟ್ಟಳು. ತಿಂಗಳು ತುಂಬಿದರೂ ಉರಿ ಒಂದಿಷ್ಟೂ ಕಡಿಮೆಯಾಗಲಿಲ್ಲ. ಪಥ್ಯಕ್ಕೆ ಬಗ್ಗದ್ದು ಅಂದರೆ ಅಣ್ಣನದೇ ಕಾಯಿಲೆ ಎಂದು ಪುಟ್ಟಸಿದ್ದಯ್ಯ ಬಾಯಿಬಿಟ್ಟು ಹೇಳಲಿಲ್ಲ. ಡಬ್ಬಿ ತೆಗೆದು ದುಡ್ಡು ಜೇಬಿಗೆ ಹಾಕಿಕೊಂಡ. ಮಾದೇವಮ್ಮನೂ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಒಂದು ಶಕ್ತಿ ಬೇಕು.

ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು, ಹೊಟ್ಟೆ ಪೂರ್ತಿ ಖಾಲಿಯಿರಬೇಕು ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ಸಂಜೆಯೇ ತನ್ನ ಮೆತ್ತನೆ ಅನ್ನ ಉಂಡು ಕೈತೊಳೆದಳು. ಬೆಳಗಿನ ಜಾವ ಎದ್ದು ಹುಳಕ್ಕೆ ಸೊಪ್ಪು ಹಾಕಿದಳು, ತಟ್ಟೆಗಳ ಅಡಿಯ ಬಾಡಿದ ಸೊಪ್ಪು ತೆಗೆದು ಎಮ್ಮೆಯ ಮುಂದೆ ಚೆಲ್ಲಿದಳು, ಹಾಲು ಕರೆದಳು. ಅಡುಗೆಮನೆಗೆ ಬಂದು ಪಾತ್ರೆಯ ತಳದಲ್ಲಿದ್ದ ಹಿಡಿ ಮುದ್ದೆಯನ್ನು ಮೂರು ದಿನ ಕುದಿದ ಬಸ್ಸಾರಿಗೆ ಅದ್ದಿ ನಿಂತಲ್ಲೇ ಖಾಲಿ ಮಾಡಿ, ಪಾತ್ರೆ ತೊಳೆದು ಬೋರಲು ಹಾಕಿದಳು. ಕೂಲಿಗೆ ಬಂದ ಪುಷ್ಪನಿಗೆ ಸೊಪ್ಪಿನ ಹೊತ್ತು ಹೇಳಿಕೊಟ್ಟು, ಸೀರೆ ಬದಲಿಸಿ ಗಂಡನ ಜೊತೆ ಮೊದಲ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ನರ್ಸಮ್ಮ ಏನಾದರೂ ತಿಂದಿದ್ದೀರಾ ಎಂದು ಕೇಳಿದಾಗ ಇಲ್ಲ ಎಂದಳು. ಸುಳ್ಳು ಹೇಳುತ್ತಿದ್ದೇನೆ ಎಂಬ ಎಣಿಕೆಯೇ ಅವಳಿಗಿರಲಿಲ್ಲ. ಗಂಟಲಿಗೆ ಕಹಿ ಔಷಧಿ ಹೊಡೆದರು, ನಾಲಿಗೆ ಮರಗಟ್ಟಿತು, ಪೈಪು ಇಳಿಯಿತು. ಇಳಿದಷ್ಟೇ ಬೇಗ ಮೇಲೆ ಬಂತು. ಡಾಕ್ಟರಮ್ಮ ಮಾಸ್ಕು ಇಳಿಸಿ ಪಕ್ಕದ ಟೀವಿಯ ಕಡೆ ಬೆರಳು ತೋರಿಸಿದಳು.

"ಏನು ತಿಂದ್ರಿ ಬೆಳಗ್ಗೆ?"

"ಏನೂ ತಿಂದಿಲ್ಲ ಕಣ್ ತಾಯಿ."

"ಇದೇನು ಮತ್ತೆ?"

ಟೀವಿಯಲ್ಲಿ ಕಂದು ಬಣ್ಣದ ಉಂಡೆಗಳಿದ್ದವು. ತಾನೇ ತೊಳಸಿದ ಮುದ್ದೆ ಅವಳಿಗೆ ಗುರುತು ಸಿಗದೆ ಇರುತ್ತದೆಯೇ? "ಅದಾ? ಅದು ಪಾತ್ರೇಲಿ ಉಳಿದಿತ್ತು. ತೊಳಿಯೋಕ್ ಮುಂಚೆ ಬಾಯಿಗಾಕ್ಕಂಡೆ. ಊಟ ಮಾಡ್ನಿಲ್ಲ."

ಡಾಕ್ಟರಮ್ಮ ರೇಗಲು ಹೊರಟವಳು ಅವಳ ಮುಖ ನೋಡಿ ದನಿ ತಗ್ಗಿಸಿದಳು. ಮಲಗಿಸಿದ್ದಾಗ ಅದು ಮೇಲೆ ಬಂದು ಶ್ವಾಸಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯ ಎಂದು ಬಿಡಿಸಿ ಹೇಳಿದಳು. ಸ್ಕ್ಯಾನಿಂಗಿಗೂ ಖಾಲಿ ಹೊಟ್ಟೆಯೇ ಆಗಬೇಕು, ಇನ್ನೊಂದು ದಿನ ಬನ್ನಿ ಎಂದಳು. ಪೈಪಿನ ದುಡ್ಡಿನಲ್ಲಿ ಕೌಂಟರಿನವರು ಅರ್ಧ ವಾಪಸು ಕೊಟ್ಟರು. ಪೈಪು ಒಳಗೆ ಹೋಗಿದ್ದಂತೂ ನಿಜವಲ್ಲವೇ?

ಬಸ್ಸು ನರಸೀಪುರ ದಾಟುವವರೆಗೂ ಪುಟ್ಟಸಿದ್ದಯ್ಯ ಕಿಟಕಿಯಾಚೆ ನೋಡುತ್ತಲೇ ಇದ್ದ. ಬಯ್ಯುತ್ತಾನೆ ಎಂದು ಕಾದು ಕಾದು ಮಾದೇವಮ್ಮನಿಗೆ ಸಾಕಾಗಿತ್ತು. ಅವನು ತಿರುಗಿ ಮೆಲ್ಲಗೆ ಕೇಳಿದ.

"ದಿನಾ ಇಂಗೇಯಾ?"

"ಉಳುದ್ರೆ."

"ದಿನಾ ಉಳೀತದಾ?"

"ಉಳೀದೆ ಇದ್ದ ದಿನ ಯಾವ್ದು?" ಎಂದಳು. ಹೇಳಿದ ಮೇಲೆ ಅವಳೂ ಯೋಚಿಸಿದಳು. ಮಗಳು ಅರ್ಧಕ್ಕೆ ಬಿಟ್ಟ ಚಿತ್ರಾನ್ನ, ಅತ್ತೆ ಬೇಡವೆಂದ ರೊಟ್ಟಿ, ನಾಳೆಗೆ ಕೆಟ್ಟುಹೋಗುವ ಸಾರು, ಕುದಿದು ಕುದಿದು ಹುಣಸೆಯ ಹುಳಿಯೊಂದೇ ಉಳಿದ ಬಸ್ಸಾರು. ತಟ್ಟೆ ಇಟ್ಟುಕೊಂಡು ಕೂತರೆ ಊಟ. ಇದು ಪಾತ್ರೆ ತೊಳೆಯುವ ಕೆಲಸದಲ್ಲಿ ಸೇರಿದ್ದು. ರುದ್ರಸ್ವಾಮಿ ಡಾಕ್ಟರು ಏನೇನು ಉಣ್ಣುತ್ತೀರಿ ಎಂದು ಕೇಳಿದಾಗಲೂ ಇದು ನೆನಪಿಗೆ ಬಂದಿರಲಿಲ್ಲ. ತಿಂಗಳಿಡೀ ಹೆಸರುಬೇಳೆ ಸಾರಿನ ಮೇಲೆ ಇದೆಲ್ಲ ಹೋಗಿ ಬಿದ್ದಿತ್ತು.

ಮನೆಯಲ್ಲಿ ಚಿಕ್ಕನಿಂಗಮ್ಮ ಪೂರ್ತಿ ಕೇಳಿದಳು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಕಣ್ಣು ಮಂಜಾಗುವವರೆಗೆ ಪಾತ್ರೆಗಳ ತಳ ಕಂಡವಳು ಅವಳೂ. ಅಡಿಕೆಚೂರು ಬಾಯಿಗೆ ಹಾಕಿಕೊಂಡು ಸೊಸೆಯನ್ನು ಕೇಳಿದಳು.

"ಬಾಡೋದ ಸೊಪ್ಪ ಉಳಕ್ಕಾಕಿದ್ದೀಯೇನಮ್ಮಿ ಯಾವತ್ತಾರ?"

"ಇಲ್ಲತ್ತೆ. ಉಳ ಕೆಟ್ಟೋಯ್ತವೆ."

"ಏನ್ಮಾಡೀಯೆ ಅದ?"

"ಎಮ್ಮೆಗಾಕ್ತೀನಿ."

"ನಮ್ಮೆಮ್ಮೆ ಇನ್ನೂ ಸತ್ತೋಗಿಲ್ವಲ್ಲ," ಎಂದು ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು.

ಪುಟ್ಟಸಿದ್ದಯ್ಯ ಬರುವ ವಾರವೇ ಮತ್ತೆ ಹೋಗೋಣ ಎಂದ. ಅಷ್ಟು ದಿನ ಯಾವುದಕ್ಕೂ ಎದುರಾಡದ ಮಾದೇವಮ್ಮ ಈಗ ಬೇಡ ಎಂದಳು. ಮಾಡದ ಪಥ್ಯಕ್ಕೆ ಬಗ್ಗಲಿಲ್ಲ ಎಂದು ಪೈಪು ಹಾಕಿಸುವುದು ಅವಳಿಗೆ ಸರಿ ಕಾಣಲಿಲ್ಲ. ಇಬ್ಬರೂ ಸೋಲದೆ, ಮಾರನೆಯ ದಿನ ರುದ್ರಸ್ವಾಮಿ ಡಾಕ್ಟರ ಹತ್ತಿರ ಹೋದರು. ಅವರು ನಗಲಿಲ್ಲ. ಈ ತಿಂಗಳು ಪಾತ್ರೆ ತಳವನ್ನೂ ಬಿಟ್ಟು ನಿಜವಾಗಿ ಮಾಡಿ ಎಂದರು. ಆಮೇಲೆ ಪುಟ್ಟಸಿದ್ದಯ್ಯನ ಕಡೆ ತಿರುಗಿ, ತೂಕ ಇಳಿದರೆ, ಮಲ ಕಪ್ಪಾದರೆ, ನುಂಗಿದ್ದು ಸಿಕ್ಕಿಕೊಂಡರೆ ತಿಂಗಳು ಕಾಯಬೇಡಿ, ಅವತ್ತೇ ಬನ್ನಿ, ಮೈಸೂರಿಗೆ ನಾನೇ ಚೀಟಿ ಬರೆದುಕೊಡುತ್ತೇನೆ ಎಂದರು. ಆ ಮಾತಿನ ಮೇಲೆ ಅವನು ಒಪ್ಪಿದ.

ಅವತ್ತು ಸಂಜೆ ಉಳಿದಿದ್ದ ಬಸ್ಸಾರನ್ನು ಎಮ್ಮೆಯ ಕಲಗಚ್ಚಿನ ಬಕೆಟ್ಟಿಗೆ ಸುರಿಯಬೇಕಿತ್ತು. ಮಾದೇವಮ್ಮ ಪಾತ್ರೆ ಬಗ್ಗಿಸಿದಳು, ನೆಟ್ಟಗೆ ಮಾಡಿದಳು. ಇನ್ನೂ ಕೆಟ್ಟಿರಲಿಲ್ಲ, ಒಬ್ಬರಿಗೆ ಆಗುವಷ್ಟಿತ್ತು. ಚಿಕ್ಕನಿಂಗಮ್ಮ ಎದ್ದು ಬಂದು ಪಾತ್ರೆ ಕಿತ್ತುಕೊಂಡು, ಮುಖ ಆಚೆ ತಿರುಗಿಸಿಕೊಂಡು ಸುರಿದಳು.

ಊಟಕ್ಕೆ ನಾಲ್ವರೂ ಒಟ್ಟಿಗೆ ಕೂತರು. ಪುಟ್ಟಸಿದ್ದಯ್ಯನಿಗೆ ಸಾರು ಬೇಕಾಯಿತು. ಏಳುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾದೇವಮ್ಮನ ಮೊಣಕಾಲು ಅಭ್ಯಾಸಬಲದಿಂದ ಅರ್ಧ ಎದ್ದಿತ್ತು. ರೂಪ ಅಮ್ಮನ ಸೆರಗು ಹಿಡಿದು ಕೂರಿಸಿ ತಾನು ಎದ್ದಳು.

ಆ ತಿಂಗಳು ಸುಲಭವಾಗೇನೂ ಕಳೆಯಲಿಲ್ಲ. ಅಳತೆ ನೋಡಿ ಮುದ್ದೆ ಮಾಡಿದರೆ ಒಂದು ದಿನ ಸಾಲದೆ ಬರುವುದು, ಮನೆಯವರು ಗೊಣಗುವರು. ಹುಳಗಳು ಕೊನೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಹಗಲಿರುಳು ಸೊಪ್ಪು ಮೇಯುವಾಗ ಅವಳ ಊಟದ ಹೊತ್ತು ಮತ್ತೆ ತಪ್ಪಿತು, ಎರಡು ದಿನ ಉರಿ ಮೊದಲಿನಂತೆಯೇ ಬಂತು. ಪುಟ್ಟಸಿದ್ದಯ್ಯ ಬೆಳಗಾದರೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆದರೂ ಹುಳಿತೇಗು ಮೊದಲು ನಿಂತಿತು. ಆಮೇಲೆ ಹೊಟ್ಟೆಯ ಬಿಗಿ ಸಡಿಲವಾಯಿತು. ತಿಂಗಳಾದ ಮೇಲೆ ಡಾಕ್ಟರು ತಕ್ಕಡಿ ಹತ್ತಿಸಿದರೆ ತೂಕ ಇಳಿದಿರಲಿಲ್ಲ. ಸದ್ಯಕ್ಕೆ ಪೈಪು ಬೇಡ, ಮತ್ತೆ ಕಾಣಿಸಿಕೊಂಡರೆ ನೋಡೋಣ ಎಂದರು. ಪುಟ್ಟಸಿದ್ದಯ್ಯ ಬಾಗಿಲವರೆಗೆ ಹೋದವನು ಹಿಂದಿರುಗಿ ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡು ಬಂದ.

ಮೈಸೂರಿಗೆ ಹೋಗಿ ಬಂದದ್ದಕ್ಕೆ ಎರಡು ಸಾವಿರದ ಮೇಲೆ ಹೋಗಿತ್ತು, ಅದು ತಿರುಗಿ ಬರುವ ದುಡ್ಡಲ್ಲ. ಡಬ್ಬಿಯಲ್ಲಿ ಉಳಿದದ್ದು ತೋಟದ ಮೂರರಲ್ಲಿ ಎರಡು ಪಾಲಿನ ಪೈಪಿಗಷ್ಟೇ ಸಾಕಾಯಿತು. ಪುಟ್ಟಸಿದ್ದಯ್ಯನ ಹೆದರಿಕೆ ಪೂರ್ತಿ ಹೋಗಲಿಲ್ಲ, ಮಾದೇವಮ್ಮನ ಉರಿಯೂ ಪೂರ್ತಿ ಹೋಗಲಿಲ್ಲ, ಮುಕ್ಕಾಲು ಪಾಲು ಹೋಯಿತು. ಅವಳು ಈಗ ಬಿಸಿ ಇರುವಾಗಲೇ ಕೂತು ಉಣ್ಣುತ್ತಾಳೆ, ಉಳಿದದ್ದು ಎಮ್ಮೆಗೆ ಹೋಗುತ್ತದೆ.