ಹದಿನಾಲ್ಕನೇ ವೇಷ

ಫೆಬ್ರುವರಿಯ ಎರಡನೇ ಶನಿವಾರ, ಮಧ್ಯಾಹ್ನ ಎರಡು ಗಂಟೆ. ಅಮೆರಿಕದ ಅಯೋವಾದ ಹೆದ್ದಾರಿ ಪಕ್ಕದ ಹೋಟೆಲಿನ ಬಾಗಿಲಲ್ಲಿ ರೊಸಾಲ್ವಾ ಬೂಟಿನ ಹಿಮ ಕೊಡವುತ್ತಿದ್ದಳು. ಬೆಳಗಿನ ಜಾವದಿಂದ ಜಿಲ್ಲಾ ರಸ್ತೆಗಳ ಹಿಮವನ್ನು ಲಾರಿಯಿಂದ ತಳ್ಳಿ, ಅದನ್ನು ಡಿಪೋಗೆ ಬಿಟ್ಟು, ತನ್ನ ಕಾರಿನಲ್ಲಿ ನೇರ ಬಂದಿದ್ದಳು. ಸಂಜೆ ಆರಕ್ಕೆ ಮತ್ತೆ ಪಾಳಿ. ಬಟ್ಟೆ ಬದಲಿಸಲು ಮನೆಗೆ ಹೋಗಿದ್ದರೆ ಅಲ್ಲಿ ನಡೆಯುತ್ತಿದ್ದ ವಿಜ್ಞಾನ ಕಥೆ ಓದುಗರ ಸಮ್ಮೇಳನಕ್ಕೆ ಹೊತ್ತೇ ಉಳಿಯುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಬಿಡುವಿನಲ್ಲಿ ಲಾರಿಯಲ್ಲೇ ಕೂತು ಅಂಥ ಕಥೆ ಓದಿದವಳು. ಅಂಥ ಕಥೆ ಓದಿದ ಇನ್ನೊಬ್ಬರೊಡನೆ ಒಂದು ದಿನವೂ ಮಾತಾಡಿದವಳಲ್ಲ.

ಬಾಗಿಲ ಮೇಜಿನಲ್ಲಿ ಎಮೆಟ್ ಇದ್ದ. ಮೂವತ್ತು ವರ್ಷದಿಂದ ಅಲ್ಲಿ ಕಥೆಯ ಪಾತ್ರಗಳ ವೇಷ ಸ್ಪರ್ಧೆ ನಡೆಸುವವನು. ಅವಳ ಕಿತ್ತಳೆ ಬಣ್ಣದ ದಪ್ಪ ಅಂಗಿ, ಅದರ ಹೊಳೆಯುವ ಬೆಳ್ಳಿ ಬಣ್ಣದ ಪಟ್ಟಿ, ಕಿವಿ ಮುಚ್ಚುವ ಟೋಪಿ ಕಂಡು ಎದ್ದೇ ನಿಂತ.

"ಭಲೇ! ಯಾವ ಆಕಾಶ ಹಡಗಮ್ಮ ನಿಮ್ದು?"

"ಹಡಗಲ್ಲ, ಹನ್ನೊಂದನೇ ನಂಬರ್ ಲಾರಿ."

ವೇಷ ಹಾಕಿದವರು ಪಾತ್ರದ ಮಾತನ್ನೇ ಆಡುವುದು ಅಲ್ಲಿನ ವಾಡಿಕೆ. ಎಮೆಟ್ ನಕ್ಕು, ಹದಿನಾಲ್ಕು ಎಂದು ಬರೆದ ಚೀಟಿಯನ್ನು ಅವಳ ಎದೆಗೆ ಸಿಕ್ಕಿಸಿದ. ಹೊಸಬರಿಗೆಲ್ಲ ಕೊಡುತ್ತಾರೇನೋ ಎಂದುಕೊಂಡಳು ಅವಳು.

"ಈ ಪಟ್ಟಿ ಕೈಯಲ್ಲೇ ಹೊಲಿದಿದ್ದಾ?"

"ನಾನ್ಯಾಕೆ ಹೊಲೀಲಿ? ಜಿಲ್ಲಾ ಆಫೀಸಲ್ಲಿ ಕೊಡ್ತಾರೆ, ಹಿಮ ತಳ್ಳೋರಿಗೆ."

ಸುತ್ತ ನಿಂತವರು ಕಿಸಕ್ಕೆಂದರು. ಎಮೆಟ್‌ನ ಮುಖ ಸಣ್ಣದಾಯಿತು.

"ಮೊದ್ಲೇ ಹೇಳ್ಬಾರ್ದಾ? ಕೊಡಿ ಆ ಚೀಟಿ. ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡ್ ಬನ್ನಿ. ಹಿಂಗಿದ್ರೆ ಹೋಟೆಲ್ ಕೆಲಸದೋರು ಅನ್ಕೋತಾರೆ."

"ಅನ್ಕೊಳ್ಳಲಿ. ನೀವು ಕಾರಲ್ಲಿ ಬೆಚ್ಚಗೆ ಬಂದ್ರಲ್ಲ, ಆ ರಸ್ತೆ ಬಿಡಿಸಿದ್ದು ಈ ಬಟ್ಟೇಲೇ. ಚೀಟಿ ನಾನು ಕೇಳಿದ್ನಾ? ನೀವೇ ಚುಚ್ಚಿದ್ರಿ. ಕೊಡಲ್ಲ."

ಪಕ್ಕದ ಕೋಣೆಯಲ್ಲಿ ಬಂದವರಿಗೆಲ್ಲ ಸೂಪ್ ಬಡಿಸುತ್ತಿದ್ದ ಮುದುಕಿ ವರ್ಲಾ ಸೌಟು ಹಿಡಿದೇ ಇಣುಕಿದಳು. "ಚೀಟಿ ಇದ್ದೋರು ವೇದಿಕೆ ಹತ್ಲೇಬೇಕು. ನೀನೇ ಮಾಡಿದ ಕಾನೂನು ಕಣೋ ಎಮೆಟ್."

ಮೂರೂವರೆಗೆ ಹದಿನಾಲ್ಕು ಎಂದು ಕೂಗಿದರು. ರೊಸಾಲ್ವಾ ಬೂಟು ದಡದಡ ಅನ್ನಿಸುತ್ತ ಹತ್ತಿದಳು. ವೇಷದವರು ಯಾರು, ಯಾವ ಲೋಕದವರು ಎಂದು ಅಲ್ಲಿ ನಿಂತು ಹೇಳಬೇಕು. ಅವಳು ಕೈ ಎರಡೂ ಜೇಬಿಗೆ ತುರುಕಿಕೊಂಡಳು.

"ನಾನು ರೊಸಾಲ್ವಾ. ಇದೇ ಊರು. ಇದು ವೇಷ ಅಲ್ಲ, ಬಿಚ್ಚೋದೂ ಇಲ್ಲ. ಹತ್ತೊಂಬತ್ತು ವರ್ಷದಿಂದ ಒಂದು ಮಾತು ಕೇಳ್ಬೇಕು ಅಂತಿದೀನಿ. ನಕ್ಷತ್ರಕ್ಕೆ ನೂರಾರು ವರ್ಷ ಹೋಗೋ ಹಡಗಿನ ಕಥೆ ಎಷ್ಟು ಓದಿದೆ! ಒಂದ್ರಲ್ಲೂ ಹಡಗು ಗುಡಿಸೋರೇ ಇಲ್ಲ. ಯಾಕೆ? ಯಾರಾದ್ರೂ ಹೇಳಿ. ಹೇಳೋಗಂಟ ಇಳಿಯಲ್ಲ."

ಎಮೆಟ್ ಹದಿನೈದು ಎಂದು ಕೂಗಿದ. ಯಾರೂ ಹತ್ತಲಿಲ್ಲ.

"ಗುಡಿಸೋಕೆ ಯಂತ್ರ ಇರುತ್ತಲ್ಲ!" ಹಿಂದಿನಿಂದ ಒಬ್ಬ ಕೂಗಿದ.

"ಆ ಯಂತ್ರ ಕೆಟ್ರೆ ನಿಮ್ಮಪ್ಪ ರಿಪೇರಿ ಮಾಡ್ತಾನಾ?" ಅಂದಳು ಸೂಪಿನ ಕೋಣೆಯ ಬಾಗಿಲಿಂದ ವರ್ಲಾ. "ಇಳಿದು ಬಾರೇ, ಸೂಪ್ ಆರುತ್ತೆ. ಆ ಯಂತ್ರದೋನನ್ನೂ ಎಳ್ಕೊಂಡ್ ಬಾ."

ಸೂಪಿನ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಹಡಗು ಗುಡಿಸೋರು ಯಾರು ಎಂಬ ಜಗಳ ಐದೂವರೆಯಾದರೂ ಮುಗಿಯಲಿಲ್ಲ. ರೊಸಾಲ್ವಾ ಪಾಳಿಗೆಂದು ಎದ್ದರೆ ನಾಲ್ವರು ಮಾತಾಡುತ್ತಲೇ ಹಿಂದೆ ಬಂದು, ಕೋಟು ಕೂಡ ಇಲ್ಲದೆ, ಸುರಿಯುವ ಹಿಮದಲ್ಲಿ ಅವಳ ಕಾರಿನ ಕಿಟಕಿಗೆ ಬಾಗಿ ನಿಂತರು. ಗಾಜಿನ ಬಾಗಿಲ ಒಳಗಿನಿಂದ ಎಮೆಟ್ ನೋಡುತ್ತಿದ್ದ. ಅವರೆಲ್ಲ ಮನೆಗೆ ಹೋಗುವ ರಸ್ತೆ ಬಿಡಿಸಲು ಆ ಶನಿವಾರ ಎಲ್ಲರಿಗಿಂತ ಮೊದಲು ಹೊರಟವಳು ಅವಳೇ.