ಖಾನಾಪುರ ಶಾಖೆ

ಬೆಳಗಾವಿಯ ಉದ್ಯಮಬಾಗದ ಆ ಕಟ್ಟಡದ ಕೆಳಗಿನ ಮಹಡಿಯಲ್ಲಿ ಲೇಥ್ ಮಷೀನುಗಳು ದಿನವಿಡೀ ಕಬ್ಬಿಣ ಕೊರೆಯುತ್ತಿದ್ದವು. ಮೇಲಿನ ಮಹಡಿಯಲ್ಲಿ ಸಾಯಲಿ ಕಂಪ್ಯೂಟರಿನ ಮುಂದೆ ಕುಳಿತು ಜನರ ತಲೆಯೊಳಗೆ ಏನಿದೆಯೆಂದು ಊಹಿಸುತ್ತಿದ್ದಳು. ಅವಳ ಕೆಲಸವನ್ನು ಸರಳವಾಗಿ ಹೇಳಬೇಕೆಂದರೆ ಇಷ್ಟೇ: ಯಾರಾದರೂ ಮೊಬೈಲಿನಲ್ಲಿ ‘ರೋಗಿಯ ಮಂಚ ಬಾಡಿಗೆಗೆ’ ಎಂದೋ ‘ಮನೆಗೆ ಆಕ್ಸಿಜನ್ ಮಷೀನ್’ ಎಂದೋ ಹುಡುಕಿದರೆ ಅವಳ ಮಾಲೀಕ ಮಧುಕರ ಅವರ ಅಂಗಡಿಯ ಹೆಸರು ಎಲ್ಲರಿಗಿಂತ ಮೇಲೆ ಕಾಣಬೇಕು, ಕಂಡವರು ಒತ್ತಿ ಒಳಗೆ ಬರಬೇಕು, ಬಂದವರು ಬರಿಗೈಯಲ್ಲಿ ಹೋಗಬಾರದು.

“ಇಣುಕಿ ನೋಡಿದವ್ರೆಲ್ಲಾ ಗಿರಾಕಿ ಅಲ್ರಿ ಸರ್,” ಎಂದು ಅವಳು ಆಗಾಗ ಹೇಳುತ್ತಿದ್ದಳು.

“ಇಣುಕಿದವ್ರನ್ನ ಗಿರಾಕಿ ಮಾಡ್ರಿ ಅಂತನ ನಿಮಗ ಪಗಾರ ಕೊಡೂದು,” ಎಂದು ಮಧುಕರ ನಗುತ್ತಿದ್ದರು.

ಈ ವಿದ್ಯೆಯಲ್ಲಿ ಸಾಯಲಿ ಪಳಗಿದವಳು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿರುವಾಗ ಜನ ವ್ಯಾಕರಣ ನೋಡಿ ಬರೆಯುವುದಿಲ್ಲ. ಅರ್ಧ ಕನ್ನಡ, ಅರ್ಧ ಮರಾಠಿ, ಕಾಲುಮುರಿದ ಇಂಗ್ಲಿಷ್, ಹೇಗೆ ಬಾಯಿಗೆ ಬಂತೋ ಹಾಗೆ ಬರೆದು ಹುಡುಕುತ್ತಾರೆ. ‘ಅವ್ವಗ ದಮ್ಮು ಹತ್ತೇತಿ ಏನ ಮಾಡಬೇಕು’ ಎಂದು ಒಬ್ಬರು ಕೇಳಿದ್ದರು, ಎದುರಿಗೆ ಯಾರೋ ಹಿರಿಯರು ಕುಳಿತಿದ್ದಾರೆಂಬಂತೆ. ಸಾಯಲಿ ಅಂಥ ಮಾತುಗಳನ್ನು ಹೆಕ್ಕಿ ತಂದು ಅವೇ ಮಾತುಗಳಲ್ಲಿ ಅಂಗಡಿಯ ಪುಟಗಳನ್ನು ಬರೆಯುತ್ತಿದ್ದಳು. ಓದಿದವರಿಗೆ ಬಳಗದವರೇ ಮಾತಾಡಿಸಿದಂತಾಗುತ್ತಿತ್ತು. ವಿಚಿತ್ರವೆಂದರೆ, ಊರವರನ್ನೆಲ್ಲ ಹೀಗೆ ಮಾತಾಡಿಸುವವಳನ್ನು ಮಾತಾಡಿಸಲು ಯಾರೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಖಾಸಬಾಗದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಬೆಳಿಗ್ಗೆ ಕುಡಿದಿಟ್ಟ ಚಹಾದ ಕಪ್ಪು ಇಟ್ಟಲ್ಲೇ ಇರುತ್ತಿತ್ತು. ಅದನ್ನು ಸರಿಸುವ ಇನ್ನೊಂದು ಕೈ ಆ ಮನೆಯಲ್ಲಿಲ್ಲ ಎಂಬುದು ಅವಳಿಗೆ ದಿನಾ ಹೊಸದಾಗಿ ಗೊತ್ತಾಗುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಮಧುಕರ, ಖಾನಾಪುರದ ಗಿರಾಕಿಗಳೂ ಬೇಕೆಂದು ಹಟ ಹಿಡಿದರು. ಖಾನಾಪುರದಲ್ಲಿ ಕುಳಿತು ಹುಡುಕಿದವರಿಗೆ ಗೂಗಲ್ ಮೊದಲು ತೋರಿಸುವುದು ಅಲ್ಲಿಯ ಅಂಗಡಿಗಳನ್ನೇ. ಅಂಗಡಿ ಇದ್ದದ್ದು ಬೆಳಗಾವಿಯಲ್ಲಿ. ಆದರೆ ಅಲ್ಲೊಂದು ವಿಳಾಸವಿದ್ದರೆ ಸಾಕಿತ್ತು. ವಿಳಾಸ ಖರೆಯೋ ಸುಳ್ಳೋ ಎಂದು ತಿಳಿಯಲು ಗೂಗಲ್‌ನಿಂದ ಅಂಚೆಯಲ್ಲೊಂದು ಕಾರ್ಡು ಬರುತ್ತದೆ, ಅದರ ಮೇಲಿನ ನಂಬರನ್ನು ತುಂಬಿದರೆ ನಕ್ಷೆಯ ಮೇಲೆ ಗುರುತು ಮೂಡುತ್ತದೆ. ಕಾರ್ಡು ಯಾರ ಮನೆಗೆ ತರಿಸುವುದೆಂದು ಯೋಚಿಸುವಾಗ ಸಾಯಲಿಗೆ ನೆನಪಾದವರು ಅಮೀನಾಬೀ.

ಅವಳ ತಾಯಿ ಖಾನಾಪುರದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ ತಾಯಿ-ಮಗಳಿಬ್ಬರೂ ಇದ್ದದ್ದು ಅಮೀನಾಬೀಯ ಮನೆಗೆ ಹೊಂದಿದ ಖೋಲಿಯಲ್ಲಿ. ಶಾಲೆ ಬಿಟ್ಟ ಮೇಲೆ ತಾಯಿ ಬರುವತನಕ ಸಾಯಲಿ, ಸೀರೆಗೆ ಫಾಲು ಹಚ್ಚುವ ಅಮೀನಾಬೀಯ ಬಳಿ ಕುಳಿತು ಬಟ್ಟೆಯ ಚೂರುಗಳೊಂದಿಗೆ ಆಡುತ್ತಿದ್ದಳು. ಬೆಳಗಾವಿಗೆ ಬಂದ ಮೇಲೆ ಒಮ್ಮೆಯೂ ಅತ್ತ ಹೋಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಫೋನು ಮಾಡಿದಳು, ಅದೂ ಕಾರ್ಡಿನ ಸಲುವಾಗಿ. ಅಮೀನಾಬೀ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿ ಹೇಳಿದರು. ನಕ್ಷೆಯಲ್ಲಿ ಅವರ ಓಣಿಯ ಮೇಲೆ ಕೆಂಪು ಗುರುತು ಮೂಡಿತು: ಖಾನಾಪುರ ಶಾಖೆ. ಇದು ಸರಿಯಲ್ಲವೆಂದು ಸಾಯಲಿಗೆ ಅನ್ನಿಸದೆ ಇರಲಿಲ್ಲ. ಆದರೆ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಹೀಗೆಯೇ. ಖಾನಾಪುರದಿಂದ ಫೋನುಗಳು ಬರತೊಡಗಿದವು, ಮಂಚಗಳು, ಗಾಲಿಖುರ್ಚಿಗಳು ಹೋಗತೊಡಗಿದವು.

ದಸರೆಯ ಸುಮಾರಿಗೆ ಆ ಗುರುತಿನ ಕೆಳಗೆ ಯಾರೋ ಬರೆದರು: ‘ಇಲ್ಲಿ ಆಫೀಸೂ ಇಲ್ಲ, ಏನೂ ಇಲ್ಲ. ಒಬ್ಬಾಕಿ ಮುದುಕಿ ಸುಳ್ಳು ಹೇಳಿ ಕೂಡ್ರಿಸ್ಕೊಂತಾಳ. ಯಾರೂ ಹೋಗಬ್ಯಾಡ್ರಿ.’ ಹೆಸರು ಮುತ್ತಪ್ಪ, ಊರು ಜಾಂಬೋಟಿ.

ಮಧುಕರ ಅದನ್ನು ಓದಿ ಕೈ ಕೊಡವಿದರು. “ನಮ್ಮವ್ರ ಕಡೆಯಿಂದ ನಾಕ ಛಲೋ ಮಾತ ಬರಸ್ರಿ. ಇದು ತಳಕ್ಕ ಹೋಗ್ತೈತಿ.”

“ಸರ್, ಅಲ್ಲಿ ಆಫೀಸ್ ಇಲ್ಲ ಅನ್ನೂದು ಖರೇನ ಐತಲ್ರಿ.”

“ಖರೆ ಐತಿ. ಆದ್ರ ಫೋನ್ ಮಾಡಿದವ್ರಿಗೆ ಸಾಮಾನ ಮುಟ್ಟಸ್ತೀವೋ ಇಲ್ಲೋ? ನಾವೇನ ಖೋಟಾ ಮಾಲ ಮಾರಾಕತ್ತಿಲ್ಲ. ನಾವು ಮ್ಯಾಲ ಕಾಣ್ಲಿಲ್ಲಂದ್ರ ದೂರದ ಊರಿನವ್ರು ಕಾಣ್ತಾರ, ಅವ್ರಿಗೆ ಖಾನಾಪುರ ಯಾವ ದಿಕ್ಕಿಗೈತಿ ಅಂತನೂ ಗೊತ್ತಿಲ್ಲ. ಅವ್ರ ಗಾಡಿ ಬರೂದ್ರಾಗ ರೋಗಿ ಎಲ್ಲಿರ್ತಾನೋ. ಎಲ್ಲಾರೂ ಮಾಡೂದು ಇದನ್ನ, ಸಾಯಲಿ. ಖಾನಾಪುರ ತೆಗದ್ರಿ ಅಂದ್ರ ನಿಮ್ಮ ಖುರ್ಚಿನೂ ತೆಗೀಬೇಕಾಗ್ತೈತಿ, ನೋಡ್ರಿ ಮತ್ತ.”

ಮಧುಕರ ಕೆಟ್ಟ ಮನುಷ್ಯರೇನಲ್ಲ. ಬಡವರಿಗೆ ಬಾಡಿಗೆ ಬಿಟ್ಟುಕೊಟ್ಟದ್ದನ್ನು ಅವಳೇ ಕಂಡಿದ್ದಳು. ಆದರೆ ‘ಸುಳ್ಳು ಹೇಳಿ ಕೂಡ್ರಿಸ್ಕೊಂತಾಳ’ ಎಂಬ ಮಾತು ಮುಳ್ಳಾಗಿ ಚುಚ್ಚುತ್ತಿತ್ತು. ಅಮೀನಾಬೀ ಯಾಕೆ ಸುಳ್ಳು ಹೇಳುತ್ತಾರೆ? ರವಿವಾರ ಬೆಳಿಗ್ಗೆ ಅವಳು ಖಾನಾಪುರದ ಬಸ್ಸು ಹತ್ತಿದಳು.

ಓಣಿಯಲ್ಲಿ ಆ ಒಂದೇ ಮನೆಯ ಬಾಗಿಲು ಪೂರ್ತಿ ತೆರೆದಿತ್ತು.

“ಬಂದಿ ಏನ ಬೇಟಾ,” ಎಂದರು ಅಮೀನಾಬೀ, ನಿನ್ನೆಯೇ ಬರಬೇಕಾಗಿದ್ದವಳು ಇವತ್ತು ಬಂದಳೆಂಬಂತೆ. “ಬಾ, ನಿನ್ನ ಖುರ್ಚಿ ಮ್ಯಾಲ ಕುಂದರು.”

ಸಾಯಲಿ ಸುತ್ತ ನೋಡಿದಳು. ಮುಂದಿನ ಕೋಣೆ ಗುಡಿಸಿ ಒರೆಸಿ ಹೊಳೆಯುತ್ತಿತ್ತು. ಹಾಸುಬಟ್ಟೆ ಹಾಸಿದ ಒಂದು ಮೇಜು, ಅದರ ಹಿಂದೆ ಒಂದು ಕಟ್ಟಿಗೆಯ ಖುರ್ಚಿ, ಮುಂದೆ ಎರಡು ಪ್ಲಾಸ್ಟಿಕ್ ಖುರ್ಚಿ. ಕಿಟಕಿಯ ಬಳಿ ಯಾವತ್ತೂ ಇರುತ್ತಿದ್ದ ಹೊಲಿಗೆ ಯಂತ್ರ ಕಾಣಲಿಲ್ಲ.

“ಚಾಚಿ, ಮಷೀನ್ ಎಲ್ಲೈತ್ರಿ?”

“ಅಡಗಿಮನ್ಯಾಗ ಇಟ್ಟೇನಿ. ಆಪೀಸಿನ್ಯಾಗ ಹೊಲಿಗಿ ಮಷೀನ್ ಶೋಭಾ ಕೊಡ್ತದೇನು? ಅಲ್ಲಿ ಬೆಳಕ ಕಮ್ಮಿ, ಆದ್ರೂ ನಡೀತದ.”

ಸಾಯಲಿ ಅಡಿಗೆಮನೆಯತ್ತ ತಿರುಗಿ ನೋಡಿದಳು. “ಇಲ್ಲಿ ಆಪೀಸ್ ಆಗ್ತೈತಿ ಅಂತ ಯಾರ ಹೇಳಿದ್ರು?”

“ನೀನ ಹೇಳಿದಿ. ಆಪೀಸಿನ ಕಾರ್ಡ್ ಬರ್ತದ ಅಂದಿ. ನಂಬರ್ ಓದಿ ಹೇಳಿದ ಮ್ಯಾಲ ‘ಬರ್ತೇನಿ ಚಾಚಿ’ ಅಂದಿ.”

“ಅದು ಹಂಗ ಅಂದಿದ್ದು ಚಾಚಿ. ಹೊರಡೂ ಮುಂದ ಎಲ್ಲಾರೂ ಅಂತಾರಲ್ರಿ, ಬರ್ತೇನಿ ಅಂತ.”

“ಮನಿಂದ ಹೊರಡೂ ಮುಂದ ಅಂತಾರ. ಫೋನ್ ಇಡೂ ಮುಂದ ‘ಇಡ್ತೇನಿ’ ಅಂತಾರ.” ಅಮೀನಾಬೀಯ ದನಿಯಲ್ಲಿ ದೂರು ಇರಲಿಲ್ಲ. “ನೀ ಇಡ್ತೇನಿ ಅನ್ನಲಿಲ್ಲ. ಬರ್ತೇನಿ ಅಂದಿ.”

ಸಾವಿರಾರು ಜನರ ಮಾತುಗಳನ್ನು ಹೆಕ್ಕಿ, ತೂಗಿ, ಅರ್ಥ ಹಚ್ಚುವ ಸಾಯಲಿಗೆ ತನ್ನ ಬಾಯಿಂದ ಬಂದ ಒಂದು ಮಾತು ಎಲ್ಲಿಗೆ ಹೋಗಿ ಮುಟ್ಟಿತ್ತೆಂದು ಗೊತ್ತೇ ಇರಲಿಲ್ಲ. ಅವಳು ಮೆಲ್ಲಗೆ ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕುಳಿತಳು.

“ನನಗ ಒಂದ ಫೋನ್ ಮಾಡಬಾರದಾಗಿತ್ತೇನ್ರಿ?”

“ಬರ್ತೇನಿ ಅಂದಾಕಿಗೆ ಯಾವಾಗ ಬರ್ತಿ, ಯಾವಾಗ ಬರ್ತಿ ಅಂತ ಕೇಳಬಾರದು, ಬೇಟಾ.” ಅಮೀನಾಬೀ ಚಹಾ ತಂದಿಟ್ಟರು. “ಮೆಹಮಾನ್ ಮಾತ್ರ ಬರ್ತಾನ ಇದ್ರು. ನಿನ್ನ ಹೆಸರ ಹೇಳಿ ಕೂಡ್ರಿಸಿ ಚಹಾ ಕೊಡ್ತಿದ್ನಿ. ಕೆಲವರು ಬ್ಯಾಸತ್ತ ಎದ್ದ ಹೋಗ್ತಿದ್ರು. ಕೆಲವರು ಮನಿಯಾಗಿನ ಕಷ್ಟಾ ಎಲ್ಲಾ ಹೇಳಿ ಅಳ್ತಿದ್ರು. ಮಗಳು ಸನಮ ಲಗ್ನಾ ಆಗಿ ಗೋವಾಕ್ಕ ಹೋದ ಮ್ಯಾಲ ಈ ಮನ್ಯಾಗ ಇಷ್ಟ ಮಂದಿ ಕಾಲ ಇಟ್ಟಿದ್ದಿಲ್ಲ ನೋಡು.”

ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು. ಮೇಜಿನ ಬಟ್ಟೆಯ ಸುಕ್ಕನ್ನು ಬೆರಳಿನಿಂದ ತೀಡಿದರು.

“ಹೋದ ಶುಕ್ರವಾರ ಜಾಂಬೋಟಿ ಕಡಿಂದ ಒಬ್ಬಂವ ಬಂದಿದ್ದ. ತಾಯಿಗೆ ಉಸರಾಡಾಕ ಆಗವಲ್ದು, ಆಕ್ಸಿಜನ್ ಮಷೀನ್ ಬೇಕು ಅಂದ. ನಿಮ್ಮ ಫೋನ್ ಯಾರೂ ಎತ್ತವಲ್ರಂತ. ಬೆಳಗಾವಿಗೆ ಹೋಗ್ಲೇನು ಅಂತ ನನ್ನ ಕೇಳಿದ. ಬ್ಯಾಡ ಮಗಾ, ಕುಂದರು, ಸಾಯಲಿ ಈಗ ಬರ್ತಾಳ ಅಂದ್ನಿ. ಅಂವ ಕುಂತ. ಅವನ ಚಹಾ ಆರಿ ಹೋತು. ಮಸೀದಿಯಾಗ ನಮಾಜೂ ಮುಗೀತು. ಆಮ್ಯಾಲ ನನ್ನ ಮುಖಾ ಒಮ್ಮೆ ನೋಡಿ ಎದ್ದ ಹೋದ.” ಅವರು ತಲೆಯೆತ್ತಿದರು. “ಅವನ ತಾಯಿ ಏನಾದಳು ಬೇಟಾ? ನಿನ್ನ ಕಂಪ್ಯೂಟರಿನ್ಯಾಗ ಕಾಣಸ್ತದೇನು?”

ಯಾವ ಊರಿನಿಂದ ಬಂದರು, ಯಾವ ಮಾತು ಹುಡುಕಿ ಬಂದರು, ಎಷ್ಟು ಹೊತ್ತು ನಿಂತರು, ಯಾವ ಪುಟದಿಂದ ಹೊರಗೆ ಹೋದರು, ಇಷ್ಟೆಲ್ಲ ಆ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಜಾಂಬೋಟಿಯಿಂದ ಒಬ್ಬರು ಬಂದದ್ದನ್ನೂ ಸಾಯಲಿ ನೋಡಿದ್ದಳು, ನೋಡಿ ಸಂತೋಷಪಟ್ಟಿದ್ದಳು.

“ಕಾಣೂದಿಲ್ಲ ಚಾಚಿ,” ಎಂದಳು. “ಇನ್ನೊಂದ ಹೇಳ್ತೇನಿ ಕೇಳ್ರಿ. ಇಲ್ಲಿ ಆಪೀಸ್ ಆಗೂದಿದ್ದಿಲ್ಲ. ಇಲ್ಲೇ ಅಂಗಡಿ ಐತಿ ಅಂತ ಮಂದಿ ನಂಬಲಿ ಅಂತ ನಿಮ್ಮ ಮನಿ ವಿಳಾಸ ಹಾಕಿದ್ನಿ, ಅಷ್ಟ.”

“ಹಂಗಾರ ನಾ ಅಂವಗ ಸುಳ್ಳ ಹೇಳಿದಂಗಾತು,” ಎಂದರು ಅಮೀನಾಬೀ.

ಅಂಗಡಿಗೆ ಬಂದು ತಪ್ಪಿಹೋದ ಕರೆಗಳು ಸಾಯಲಿಯ ಮೊಬೈಲಿನಲ್ಲೂ ಕಾಣುತ್ತಿದ್ದವು. ಶುಕ್ರವಾರ ಒಂದೇ ನಂಬರಿನಿಂದ ಮೇಲಿಂದ ಮೇಲೆ ಕರೆ ಬಂದಿತ್ತು. ಅವಳು ಆ ನಂಬರು ಒತ್ತಿ, ಅಮೀನಾಬೀಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಬೇಡ, ಎತ್ತದೇ ಇರಲಿ ಎಂದು ಮನಸ್ಸು ಹೇಳುತ್ತಿರುವಾಗಲೇ ಆ ಕಡೆ ಮುತ್ತಪ್ಪ ಮಾತಾಡಿದ. ಸಾಯಲಿ ತಾನು ಯಾರೆಂದು ಹೇಳಿದಳು.

“ನಿಮ್ಮ ಅವ್ವಾರು ಹೆಂಗದಾರ್ರಿ?”

“ಅದಾಳ.” ಅವನೆಂದ, “ನಿಮ್ಮಿಂದ ಅಲ್ಲ. ಊರಾಗಿನ ಟೆಂಪೋದಾಗ ಹಾಕ್ಕೊಂಡ ಬೆಳಗಾವಿಗೆ ಒಯ್ದಿವಿ. ಇಷ್ಟೊತ್ತನಕ ಎಲ್ಲಿ ಕುಂತಿದ್ರಿ ಅಂತ ಡಾಕ್ಟರ್ ಬೈದ್ರು. ಎಲ್ಲಿ ಕುಂತಿದ್ನಿ ಅಂತ ಹೇಳ್ಲಿ ಅವ್ರಿಗೆ?”

ಅಮೀನಾಬೀ ಸೆರಗನ್ನು ಬಾಯಿಗೊತ್ತಿಕೊಂಡರು.

“ಆ ಚಾಚಿ ಸುಳ್ಳ ಹೇಳಿಲ್ರಿ,” ಎಂದಳು ಸಾಯಲಿ. “ನಾ ಬರ್ತೇನಿ ಅಂತ ಅವ್ರು ಖರೇನ ನಂಬಿದ್ರು. ಸುಳ್ಳ ಹೇಳಿದಾಕಿ ನಾನು. ಬರಿಯೂದಿದ್ರ ನನ್ನ ಹೆಸರ ಹಾಕಿ ಬರೀರಿ.”

“ನಿಮ್ಮ ಹೆಸರ ತಗೊಂಡ ನಾ ಏನ ಮಾಡ್ಲಿ? ಇನ್ನೊಬ್ಬಂವ ಅಲ್ಲಿ ಬಂದ ಕುಂದರದಂಗ ಮಾಡ್ರಿ.” ಅವನು ಫೋನು ಇಟ್ಟ.

ಸಾಯಲಿ ಮೊಬೈಲ್ ಕೈಗೆತ್ತಿಕೊಂಡು ನಕ್ಷೆ ತೆರೆದಳು. ಸೋಮವಾರ ಮಧುಕರ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ತಿಂಗಳ ಕೊನೆಗೆ ಖಾಸಬಾಗದ ಕೋಣೆಯ ಬಾಡಿಗೆ ಕೊಡಬೇಕಿತ್ತು. ಗುರುತನ್ನು ಅಳಿಸಲು ಹೋದರೆ ಕಾರಣ ಆರಿಸಿರೆಂದು ಅದು ಕೇಳಿತು. ಅಂಗಡಿ ಮುಚ್ಚಿದೆ, ಬೇರೆ ಕಡೆ ಹೋಗಿದೆ ಎಂಬ ಮರ್ಯಾದೆಯ ಕಾರಣಗಳೂ ಅಲ್ಲಿದ್ದವು.

“ಏನ ಕೇಳಾಕತ್ತದ ಅದು?” ಎಂದರು ಅಮೀನಾಬೀ.

“ಯಾಕ ತೆಗೀತೀರಿ ಅಂತ. ‘ಇಂಥ ಜಾಗಾ ಇಲ್ಲಿ ಇರಲೇ ಇಲ್ಲ’ ಅಂತ ಒಂದೈತಿ. ಅದನ್ನ ಒತ್ತತೇನಿ.”

“ಇರಲೇ ಇಲ್ಲ ಅಂದ್ರ ಹೆಂಗ ಬೇಟಾ?” ಅಮೀನಾಬೀ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು. “ದಿನಾ ನಾ ಇಲ್ಲೇ ಕುಂತಿದ್ನಲ್ಲ.”

ಸಾಯಲಿಯ ಬೆರಳು ನಿಂತಿತು. ಇದನ್ನು ಒತ್ತಿದರೆ ನಾಳೆಯಿಂದ ಈ ಓಣಿಗೆ ಯಾರೂ ಬರುವುದಿಲ್ಲ. ಎರಡು ಪ್ಲಾಸ್ಟಿಕ್ ಖುರ್ಚಿ ಖಾಲಿ ಇರುತ್ತವೆ. ಹಾಗೆ ಖಾಲಿಯಾದ ಮನೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮೀನಾಬೀ ಅವಳ ಮುಖವನ್ನೂ ಆ ಬೆರಳನ್ನೂ ನೋಡಿದರು. “ಒತ್ತು,” ಎಂದರು. “ಇನ್ನೊಬ್ಬರ ತಾಯಿ ಅಷ್ಟೊತ್ತ ತಡ್ಕೊಳ್ಳಲಿಕ್ಕಿಲ್ಲ.”

ಸಾಯಲಿ ಒತ್ತಿದಳು.

ಅಮೀನಾಬೀ ಎದ್ದು ಹೋಗಿ ಮುಂಬಾಗಿಲು ಹಾಕಿ, ಅಗಳಿ ಸರಿಸಿದರು. ಕೋಣೆಯಲ್ಲಿ ಬೆಳಕು ಕಡಿಮೆಯಾಯಿತು. ಅವರು ಬಾಗಿಲಿಗೆ ಬೆನ್ನು ಮಾಡಿ ನಿಂತು ಕೇಳಿದರು:

“ಊಟಾ ಮಾಡ್ಕೊಂಡ ಹೋಗ್ತಿ ಹೌದಿಲ್ಲೊ?”