ಕೊಂಡಿಯ ಕಾಗದ

ಜನಾಜಾಕ್ಕೆ ಹೆಗಲು ಕೊಟ್ಟು ನಡೆಯುತ್ತಿದ್ದ ನೇಕಾರ ಗುರಲಿಂಗಪ್ಪ ಮೂರನೆಯ ಸಲ ಹಿಂದೆ ತಿರುಗಿ ಬಾಗಲಕೋಟೆಯ ದಾರಿ ನೋಡಿದ. ಟಾಂಗಾ ಇನ್ನೂ ಕಾಣಲಿಲ್ಲ.

"ಮುಂದ ನೋಡಿ ನಡಿಯೋ ಲೇ," ಎಂದ ಮಗ್ಗುಲಲ್ಲಿದ್ದ ಚಮನಸಾಬ. "ಸತ್ತಾಂವ ಮುಂದ ಹೊಂಟಾನ, ನೀ ಹಿಂದ ಯಾರನ್ನ ಹುಡಕ್ತಿ?"

"ಯಾರ್ನೂ ಇಲ್ಲ."

"ಹಂಗಾರ ಕಾಲ್ಯಾಕ ನಡಗಾಕತ್ತಾವ?"

"ಇಮಾಮಸಾಬ ಭಾಳ ವಜ್ಜಿ ಅದಾನ."

ಹೆಣದ ಭಾರ ಒಂದು ಸೀರೆಯಷ್ಟೂ ಇರಲಿಲ್ಲ. ನಲವತ್ತು ವರ್ಷ ಊರವರಿಗೆ ಕಾಗದ ಬರೆದು ಬರೆದು ಇಮಾಮಸಾಬ ತಾನೇ ಕಾಗದದಂತಾಗಿದ್ದ. ಇಳಕಲ್ಲಿನ ಅರ್ಧ ಊರಿಗೆ ಅನ್ನ ಹಾಕಿದ್ದು ಅವನು ಮಸಿಯಲ್ಲಿ ಅದ್ದುತ್ತಿದ್ದ ಲೆಕ್ಕಣಿಕೆ. ಉಳಿದರ್ಧ ಊರು ತನಗೆ ಹಾಕಿಲ್ಲವೆಂದರೆ ನಂಬಬೇಡಿ. ಸೊಲ್ಲಾಪುರದ ಸಾವಕಾರನಿಗೆ ಇಲ್ಲಿಯ ನೇಕಾರನೊಬ್ಬನ ಗುರುತು ಮಾಡಿಸಬೇಕಾದರೆ ಅವನೇ ಬರೆಯಬೇಕು. ಬರೆಯುವ ಮೊದಲು ಆ ನೇಕಾರನ ಮನೆಯಲ್ಲಿ ಒಂದು ಮಧ್ಯಾಹ್ನ ಸುಮ್ಮನೆ ಕೂತೇಳುವುದು ಅವನ ಪದ್ಧತಿ.

* * *

ಒಂಬತ್ತು ವರ್ಷದ ಹಿಂದೆ ಗುರಲಿಂಗಪ್ಪನ ಮನೆಯಲ್ಲೂ ಹಾಗೇ ಕೂತಿದ್ದ.

"ಬರಿ ಕಾಕಾ. ಸೀರಿ ಒಡಲಿನ ಹಾಸಿನ ನೂಲಿಗೂ ಸೆರಗಿನ ನೂಲಿಗೂ ಎಳಿ ಎಳಿ ಕೊಂಡಿ ಹಾಕಿ ಕೂಡಸೋದ್ರಾಗ ನನ್ನಂಥಾಂವ ಮುಂಬೈ ಇಲಾಖಾದಾಗ ಇಲ್ಲ. ಕಣ್ಣ ಮುಚ್ಚಿ ಹಾಕ್ತೇನಿ."

"ನಿದ್ದಿಗಣ್ಣಾಗ?"

"ಅದನ್ನೂ ಬರಿ."

ಅದೇ ಹೊತ್ತಿಗೆ ಅಲ್ಲಿ ಕೂತು ಕೊಂಡಿ ಹಾಕುತ್ತಿದ್ದವಳು ಅವನ ಹೆಂಡತಿ ರಂಗವ್ವ. ಗುರಲಿಂಗಪ್ಪ ನೇಯುವುದೇನೋ ಚೆಂದ. ಕೊಂಡಿಗೆ ಕೈಯಿಟ್ಟರೆ ಹತ್ತರಲ್ಲಿ ಒಂಬತ್ತು ಬಿಚ್ಚುತ್ತಿದ್ದವು, ಹತ್ತನೆಯದು ಹರಿಯುತ್ತಿತ್ತು. ಇಮಾಮಸಾಬ ಮಜ್ಜಿಗೆ ಕುಡಿಯುತ್ತ ಅವಳ ಬೆರಳುಗಳನ್ನೇ ನೋಡಿದ. ಬರೆದ. ಕೆಳಗೆ ಗುರಲಿಂಗಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡ.

"ಓದಿ ಹೇಳ್ಲೇನು?"

"ನಾ ಹೇಳಿದ್ದು ನನಗ ಗೊತ್ತಿಲ್ಲೇನು? ಹಾಕು ಟಪಾಲಿಗೆ."

ಇಪ್ಪತ್ತು ದಿನದಲ್ಲಿ ಸೊಲ್ಲಾಪುರದ ಅಂದಪ್ಪ ಸಾವಕಾರನಿಂದ ರೇಷ್ಮೆಯ ಗಂಟು ಬಂತು. ಅಂದಿನಿಂದ ಒಮ್ಮೆಯೂ ನಿಂತಿರಲಿಲ್ಲ. ಹೋದ ಸೋಮವಾರ ಅವನದೊಂದು ಕಾರ್ಡು ಬಂದಿತ್ತು: ಗುರುವಾರ ಬರುತ್ತೇನೆ, ನಿಮ್ಮ ಮನೆಯ ಕೊಂಡಿಯನ್ನು ಕಣ್ಣಾರೆ ನೋಡಬೇಕು.

ಓದಿದ ಇಮಾಮಸಾಬ ಕೆಮ್ಮು ಬರುವತನಕ ನಕ್ಕಿದ್ದ. ಗುರಲಿಂಗಪ್ಪ ಅವನ ಕಾಲು ಹಿಡಿದಿದ್ದ. "ನನಗ ಜ್ವರ ಅಂತ ಬರಿ ಕಾಕಾ. ಪ್ಲೇಗ ಅಂತ ಬರಿ. ಅವಾ ಬಂದ್ರ ರೇಷ್ಮಿ ನಿಲ್ಲತೈತಿ, ಮಗ್ಗ ನಿಲ್ಲತೈತಿ, ಊರಾಗ ಮಾರಿ ತೋರಸಾಕ ಬರೂದಿಲ್ಲ."

"ಬರ್ಲಿ ಬಿಡೋ," ಎಂದಿದ್ದ ಮುದುಕ.

ಬುಧವಾರ ಸಂಜೆ ಮುದುಕನೇ ಹೋಗಿಬಿಟ್ಟ.

* * *

ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಗುರಲಿಂಗಪ್ಪನ ಮೂರನೆಯ ಹಿಡಿ ಇನ್ನೂ ಮುಷ್ಟಿಯಲ್ಲೇ ಇತ್ತು. ಆಗ ಟಾಂಗಾದ ಗೆಜ್ಜೆ ಕೇಳಿತು.

ದಾರಿಯಲ್ಲೇ ಸಾವಿನ ಸುದ್ದಿ ಕೇಳಿ ಬಂದ, ಧೂಳು ಮುಚ್ಚಿದ ಅಂದಪ್ಪ ಸಾವಕಾರ ಇಳಿದು, ಕೆರವು ಬಿಟ್ಟು ಬಂದು, ತಾನೂ ಮೂರು ಹಿಡಿ ಮಣ್ಣು ಹಾಕಿದ. ಆಮೇಲೆ ಕೇಳಿದ: "ಗುರಲಿಂಗಪ್ಪ ಯಾರಪಾ?"

"ಇಂವಾ ನೋಡ್ರಿ," ಎಂದ ಚಮನಸಾಬ. "ಮುಂಜಾನಿಂದ ನಿಮ್ಮ ದಾರೀನ ಕಾಯಾಕತ್ತಾನ."

ಗುರಲಿಂಗಪ್ಪನ ನಾಲಗೆ ಮೂರು ಮೊಳ ಒಳಗೆ ಹೋಗಿತ್ತು. ಎಳೆದು ತೆಗೆದ. "ಸಾವಕಾರ್ರ, ಆ ಕೊಂಡಿ... ನಾ ಹಾಕಿದ್ದಲ್ಲರಿ."

"ಗೊತ್ತೈತಿ."

"ಯಾವಾಗಿಂದ್ರಿ?"

"ಒಂಬತ್ತು ವರ್ಷಾತು." ಅಂದಪ್ಪ ಅಂಗಿಯ ಒಳಜೇಬಿನಿಂದ ಹಳದಿಯಾದ ಕಾಗದ ತೆಗೆದು ಓದಿದ:

"'ಈತನ ನೇಯ್ಗೆ ಶುದ್ಧ. ಬಡಾಯಿ ಬಹಳ, ಅದರಲ್ಲಿ ಮುಕ್ಕಾಲು ಬಿಟ್ಟುಬಿಡಿ. ಕೊಂಡಿ ಹಾಕುವವಳು ಹೆಂಡತಿ ರಂಗವ್ವ. ಒಂದು ಮಧ್ಯಾಹ್ನ ಕೂತು ನೋಡಿದೆ, ಒಂದೂ ಬಿಚ್ಚಲಿಲ್ಲ. ನೀವೂ ಒಮ್ಮೆ ಬಂದು ನೋಡಿ.' ಇಷ್ಟ ಬರದಾನ. ಹೊಗಳಿದ ಕಾಗದ ನನ್ನ ಕಡೆ ಪೆಟಗಿ ತುಂಬ ಅದಾವು. ಇಂಥಾದು ಇದೊಂದ. ನಡಿ, ಅಕಿ ಕೈ ನೋಡಾಕಂತ ಬಂದೇನಿ."

ಯಾರೋ ನಕ್ಕು, ಸಾವಿನ ನೆನಪಾಗಿ ನುಂಗಿಕೊಂಡರು. ಗುರಲಿಂಗಪ್ಪ ಮೂರನೆಯ ಹಿಡಿಯನ್ನು ಗೋರಿಗೆ ಬಿಟ್ಟ.

"ಅಕಿ ಹೆಸರು ಎಲ್ಲೈತ್ರಿ ಇದರಾಗ?"

ಸಾವಕಾರ ಬೆರಳಿಟ್ಟು ತೋರಿಸಿದ. ಓದು ಬಾರದ ಗುರಲಿಂಗಪ್ಪ ಆ ಅಕ್ಷರಗಳ ಮೇಲೆ ಮೆಲ್ಲಗೆ ಹೆಬ್ಬೆರಳಿಟ್ಟ. ತೆಗೆದಾಗ ರಂಗವ್ವನ ಹೆಸರಿನ ಮೇಲೆ ಹಸಿ ಮಣ್ಣಿನ ಹೆಬ್ಬೆಟ್ಟು ಮೂಡಿತ್ತು. ಕಾಗದದ ಬುಡದಲ್ಲಿ, ಒಂಬತ್ತು ವರ್ಷದ ಮಸಿಯಲ್ಲಿ, ಅದೇ ಹೆಬ್ಬೆಟ್ಟು.